ಬ್ರಿಟಾನಿಕ್ ಹಡಗಿನ ಗಂಟೆ ಮೇಲೆ ಬರಲು 108 ವರ್ಷ ಏಕೆ ಬೇಕಾಯಿತು?

2025ರ ಸೆಪ್ಟೆಂಬರ್ ತಿಂಗಳಲ್ಲಿ ಗ್ರೀಸ್ ದೇಶದ ಸಂಸ್ಕೃತಿ ಸಚಿವಾಲಯವು ಪ್ರಕಟಣೆಯೊಂದನ್ನು ಹೊರಡಿಸಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಏಜಿಯನ್ ಸಮುದ್ರದಲ್ಲಿ ಮುಳುಗಿದ ‘ಬ್ರಿಟಾನಿಕ್’ ಎಂಬ ಆಸ್ಪತ್ರೆ ಹಡಗಿನಿಂದ ಕೆಲವು ವಸ್ತುಗಳನ್ನು 2025ರ ಮೇ ತಿಂಗಳಲ್ಲಿ ಮೇಲೆತ್ತಲಾಗಿದೆ ಎಂಬುದು ಅದರ ಸಾರಾಂಶ. ಆ ವಸ್ತುಗಳಲ್ಲಿ ಒಂದು ಗಂಟೆಯೂ ಇತ್ತು. ಹಡಗಿನ ಕಾವಲುಗಾರನು ಮುಂದೆ ಅಪಾಯ ಕಂಡಾಗ ಬಾರಿಸಬೇಕಾದ ಗಂಟೆ ಅದು.

ಈ ಸುದ್ದಿಯನ್ನು ನಾವು ಒಂಬತ್ತನೆಯ ತರಗತಿಯಲ್ಲಿ ಓದಿ ಹೇಳಿದೆವು. ಶಾಲೆಯ ಗಂಟೆಯ ಸದ್ದಿಗೆ ದಿನವಿಡೀ ಎದ್ದು ಕೂರುವ ಮಕ್ಕಳಿಗೆ ಸಮುದ್ರದ ತಳದ ಗಂಟೆಯೊಂದು ಕುತೂಹಲ ಹುಟ್ಟಿಸಿದ್ದು ಸಹಜ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಹಡಗು ಎಲ್ಲಿದೆ ಅಂತ 1975ರಲ್ಲೇ ಗೊತ್ತಾಗಿತ್ತು ಅಂದ್ರಲ್ಲ ಟೀಚರ್, ಮತ್ತೆ ಐವತ್ತು ವರ್ಷ ಯಾಕೆ ಸುಮ್ಮನೆ ಬಿಟ್ಟರು?” ಎಂದು ಕೇಳಿದಳು. ಮೀನುಗಾರರ ಮನೆಯ ಹುಡುಗಿ. ನೀರಿನಲ್ಲಿ ಕಳೆದುಹೋದದ್ದನ್ನು ಮುಳುಗಿ ತೆಗೆಯುವುದು ಅವಳಿಗೆ ಹೊಸತಲ್ಲ. ಆ ಪ್ರಶ್ನೆಗೆ ತರಗತಿಯಲ್ಲಿ ಕೊಟ್ಟ ಉತ್ತರ ನಮಗೇ ತೃಪ್ತಿ ತರಲಿಲ್ಲ. ಇಂಥ ವಿಷಯಗಳು ಕನ್ನಡದಲ್ಲಿ ಸುಲಭವಾಗಿ ಓದಲು ಸಿಗುವುದೂ ಇಲ್ಲ. ಆದುದರಿಂದ ಮಕ್ಕಳಿಗಾಗಿಯೂ ಅವರ ಮನೆಯವರಿಗಾಗಿಯೂ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಆಳದಲ್ಲಿರುವ ಐತಿಹಾಸಿಕ ಹಡಗಿಗೆ ಎರಡು ಬೀಗಗಳಿರುತ್ತವೆ. ಒಂದನ್ನು ಹಾಕಿದ್ದು ನೀರು. ಇನ್ನೊಂದನ್ನು ಹಾಕಿದವರು ಮನುಷ್ಯರು. ಮೊದಲನೆಯ ಬೀಗಕ್ಕೆ ವಿಜ್ಞಾನವು ಕೀಲಿಕೈ ಮಾಡಿಕೊಟ್ಟಿದೆ, ಆದರೆ ಆ ಕೀಲಿಕೈ ಕೆಲವೊಮ್ಮೆ ಹಿಡಿದವನ ಪ್ರಾಣವನ್ನೇ ತೆಗೆಯುತ್ತದೆ. ಎರಡನೆಯ ಬೀಗದ ಕೀಲಿಕೈ ಯಾವ ಒಬ್ಬರ ಕೈಯಲ್ಲಿಯೂ ಇಲ್ಲ.

ಐವತ್ತೈದು ನಿಮಿಷಗಳಲ್ಲಿ ಮುಳುಗಿದ ಹಡಗು

ಟೈಟಾನಿಕ್ ಹಡಗಿನ ಹೆಸರು ಕೇಳದ ಮಕ್ಕಳಿಲ್ಲ. ಬ್ರಿಟಾನಿಕ್ ಅದರ ತಂಗಿ. ಒಲಿಂಪಿಕ್, ಟೈಟಾನಿಕ್, ಬ್ರಿಟಾನಿಕ್ ಎಂಬ ಮೂರು ಹಡಗುಗಳನ್ನು ಬೆಲ್‌ಫಾಸ್ಟ್ ನಗರದ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆ ಒಂದೇ ಮಾದರಿಯಲ್ಲಿ ಕಟ್ಟಿತು. ಬ್ರಿಟಾನಿಕ್ ನೀರಿಗಿಳಿದದ್ದು 1914ರ ಫೆಬ್ರವರಿಯಲ್ಲಿ. ಸುಮಾರು 269 ಮೀಟರ್ ಉದ್ದ. ನಮ್ಮ ಶಾಲೆಯ 100 ಮೀಟರ್ ಓಟದ ಹಾದಿಯನ್ನು ಎರಡೂವರೆ ಸಲಕ್ಕೂ ಹೆಚ್ಚು ಜೋಡಿಸಿದಷ್ಟು. 1912ರ ಟೈಟಾನಿಕ್ ದುರಂತದಿಂದ ಪಾಠ ಕಲಿತು ಇದಕ್ಕೆ ಎಂಜಿನ್ ಮತ್ತು ಬಾಯ್ಲರ್ ಕೋಣೆಗಳ ಉದ್ದಕ್ಕೂ ಇಬ್ಬದಿಯಲ್ಲಿ ಎರಡು ಪದರದ ಹೊರಗೋಡೆ ಹಾಕಿದರು, ಒಳಗಿನ ಕೆಲವು ಅಡ್ಡಗೋಡೆಗಳನ್ನು ಇನ್ನೂ ಎತ್ತರಿಸಿದರು. ಆರು ವಿಭಾಗಗಳಿಗೆ ನೀರು ನುಗ್ಗಿದರೂ ತೇಲಬೇಕು ಎಂಬುದು ಅವರ ಲೆಕ್ಕ.

ಅಷ್ಟರಲ್ಲಿ ಯುದ್ಧ ಬಂತು. ಹಣ ಕೊಟ್ಟ ಒಬ್ಬ ಪ್ರಯಾಣಿಕನನ್ನೂ ಹೊರದೆ ಹಡಗು ಆಸ್ಪತ್ರೆಯಾಯಿತು. 1916ರ ನವೆಂಬರ್ 21ರ ಬೆಳಿಗ್ಗೆ, ಗಾಯಾಳುಗಳನ್ನು ಕರೆತರಲು ಖಾಲಿಯಾಗಿ ಹೋಗುತ್ತಿದ್ದಾಗ, ಗ್ರೀಸ್‌ನ ಕೀಯ ದ್ವೀಪದ ಬಳಿ ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ಮುಂಭಾಗದಲ್ಲಿ ಸ್ಫೋಟವಾಯಿತು. ಜರ್ಮನಿಯ ಯು-73 ಎಂಬ ಜಲಾಂತರ್ಗಾಮಿಯು ಆ ಕಾಲುವೆಯಲ್ಲಿ ಬಿಟ್ಟುಹೋಗಿದ್ದ ಮೈನ್ ಎಂಬ ನೀರಿನಡಿಯ ಸ್ಫೋಟಕಕ್ಕೆ ಹಡಗು ತಾಗಿತ್ತು. ಒಂದು ವಾರದ ಹಿಂದಷ್ಟೇ, ನವೆಂಬರ್ 14ರಂದು, ಫ್ರಾನ್ಸಿನ ಬುರ್ಡಿಗಾಲ ಎಂಬ ಹಡಗು ಅಲ್ಲಿಯೇ ಮುಳುಗಿತ್ತು. ಕ್ಯಾಪ್ಟನ್ ಚಾರ್ಲ್ಸ್ ಬಾರ್ಟ್‌ಲೆಟ್ ಹಡಗನ್ನು ದ್ವೀಪದ ದಡಕ್ಕೆ ಒಯ್ದು ನೆಲಕ್ಕೆ ತಾಗಿಸಲು ಯತ್ನಿಸಿದ. ಆದರೆ ಓಡಿಸಿದಷ್ಟೂ ನೀರು ಒಳನುಗ್ಗಿತು. ಅಪ್ಪಣೆಯಿಲ್ಲದೆ ಇಳಿಸಿದ ಎರಡು ಜೀವರಕ್ಷಕ ದೋಣಿಗಳು ತಿರುಗುತ್ತಿದ್ದ ಪಂಖಕ್ಕೆ ಸಿಕ್ಕಿದವು. ಆ ದಿನ ಸತ್ತ 30 ಮಂದಿಯಲ್ಲಿ ಹೆಚ್ಚಿನವರು ಈ ದೋಣಿಗಳಲ್ಲಿದ್ದವರು. ಉಳಿದ ಸಾವಿರಕ್ಕೂ ಹೆಚ್ಚು ಜನ ಬದುಕಿದರು. ಅವರನ್ನು ಎತ್ತಿಕೊಳ್ಳಲು ಮೊದಲು ಬಂದವರು ಕೀಯ ದ್ವೀಪದ ಮೀನುಗಾರರು, ಯುದ್ಧನೌಕೆಗಳು ಬಂದದ್ದು ಆಮೇಲೆ. ಟೈಟಾನಿಕ್ ಮುಳುಗಲು ಎರಡು ಗಂಟೆ ನಲವತ್ತು ನಿಮಿಷ ತೆಗೆದುಕೊಂಡಿತ್ತು. ಅದಕ್ಕಿಂತ ಭದ್ರವಾಗಿ ಕಟ್ಟಿದ ತಂಗಿ ಐವತ್ತೈದೇ ನಿಮಿಷಗಳಲ್ಲಿ ಮುಳುಗಿದಳು. ಏಕೆ? ಈ ಪ್ರಶ್ನೆಯೇ ಮುಂದೆ ಮುಳುಗುಗಾರರನ್ನು ಆಳಕ್ಕೆ ಎಳೆಯಿತು.

ಫ್ರಾನ್ಸಿನ ಪ್ರಸಿದ್ಧ ಸಾಗರಶೋಧಕ ಜಾಕ್ ಕೂಸ್ಟೋ 1975ರ ಡಿಸೆಂಬರಿನಲ್ಲಿ ಹಡಗನ್ನು ಪತ್ತೆಹಚ್ಚಿದರು. ಬ್ರಿಟಿಷ್ ನೌಕಾದಾಖಲೆ ತೋರಿಸುತ್ತಿದ್ದ ಜಾಗದಿಂದ ಅದು ಹಲವು ಮೈಲಿ ದೂರದಲ್ಲಿತ್ತು. ಬಲಮಗ್ಗುಲಿಗೆ ಒರಗಿ, ಸುಮಾರು 120 ಮೀಟರ್ ಆಳದ ನೆಲದ ಮೇಲೆ, ಬಹುಮಟ್ಟಿಗೆ ಇಡಿಯಾಗಿಯೇ ಮಲಗಿತ್ತು. ಮರುವರ್ಷ ಕೂಸ್ಟೋ ತಂಡವು ಬದುಕುಳಿದ ದಾದಿಯರಲ್ಲಿ ಒಬ್ಬರಾದ, ಆಗ 86 ವರ್ಷದ ಶೀಲಾ ಮ್ಯಾಕ್‌ಬೆತ್ ಮಿಚೆಲ್ ಅವರನ್ನು ಸಣ್ಣ ಜಲಾಂತರ್ಗಾಮಿಯಲ್ಲಿ ಕೂರಿಸಿ ಹಡಗಿನ ಬಳಿಗೆ ಕರೆದೊಯ್ದಿತು.

ಮೊದಲ ಬೀಗ

120 ಮೀಟರ್ ಎಂದರೆ ಎಷ್ಟು? ನೆಲದ ಮೇಲೆ ಅದು ಒಂದೆರಡು ನಿಮಿಷದ ನಡಿಗೆ. ನಮ್ಮ ಕರಾವಳಿಯಲ್ಲಿ ಪಚ್ಚಿಲೆ ಕೀಳಲು ಬಂಡೆಗಳ ಬುಡಕ್ಕೆ ಉಸಿರು ಕಟ್ಟಿ ಮುಳುಗುವವರು ಇಳಿಯುವುದು ಕೆಲವೇ ಮೀಟರ್. ಮೋಜಿಗಾಗಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವವರಿಗೆ ತರಬೇತಿ ಸಂಸ್ಥೆಗಳು ಇಟ್ಟಿರುವ ಗಡಿ ಸಾಮಾನ್ಯವಾಗಿ 40 ಮೀಟರ್. ಬ್ರಿಟಾನಿಕ್ ಇರುವುದು ಅದರ ಮೂರು ಪಟ್ಟು ಆಳದಲ್ಲಿ. ಹಡಗು ಮಗ್ಗುಲಾಗಿ ಬಿದ್ದಿರುವುದರಿಂದ ಅದರ ಅತಿ ಎತ್ತರದ ಭಾಗವನ್ನು ಮುಟ್ಟಬೇಕಾದರೂ 90 ಮೀಟರಿನಷ್ಟು ಇಳಿಯಬೇಕು.

ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲಿನ ಗಾಳಿಯ ಒತ್ತಡ ಒಂದು, 120 ಮೀಟರ್ ನೀರಿನ ಒತ್ತಡ ಹನ್ನೆರಡು, ಒಟ್ಟು ಹದಿಮೂರು. ಇಷ್ಟು ಒತ್ತಡಕ್ಕೆ ಮನುಷ್ಯ ಅಪ್ಪಚ್ಚಿಯಾಗುತ್ತಾನೆಂದು ಮಕ್ಕಳು ತಿಳಿಯುತ್ತಾರೆ. ಹಾಗಾಗುವುದಿಲ್ಲ. ನಮ್ಮ ದೇಹ ಬಹುಪಾಲು ನೀರೇ ಆಗಿರುವುದರಿಂದ ಅದು ಕುಗ್ಗುವುದಿಲ್ಲ. ತೊಂದರೆ ಇರುವುದು ಉಸಿರಿನಲ್ಲಿ. ಶ್ವಾಸಕೋಶ ಕುಗ್ಗದಿರಬೇಕಾದರೆ ಸುತ್ತಲಿನ ನೀರಿನಷ್ಟೇ ಒತ್ತಡದ ಗಾಳಿಯನ್ನು ಉಸಿರಾಡಬೇಕು. ಹದಿಮೂರು ಪಟ್ಟು ಒತ್ತಡ ಎಂದರೆ ಪ್ರತಿ ಉಸಿರಿನಲ್ಲಿ ಹದಿಮೂರು ಪಟ್ಟು ಗಾಳಿ.

ತರಗತಿಯಲ್ಲಿ ಬಾಯಿಲೆಕ್ಕ ಮಾಡಿಸಲು ಇದು ಒಳ್ಳೆಯ ಉದಾಹರಣೆ. ಹಗುರವಾಗಿ ಕೆಲಸ ಮಾಡುವವನು ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಉಸಿರಾಡುತ್ತಾನೆ ಎಂದಿಟ್ಟುಕೊಳ್ಳೋಣ. ಆ ಆಳದಲ್ಲಿ ಅದು 260 ಲೀಟರ್. 12 ಲೀಟರಿನ ಸಿಲಿಂಡರಿಗೆ 200 ಪಟ್ಟು ಒತ್ತಡದಲ್ಲಿ ಗಾಳಿ ತುಂಬಿದರೆ ಅದರಲ್ಲಿ 2,400 ಲೀಟರ್ ಇರುತ್ತದೆ. ಒಂಬತ್ತು ನಿಮಿಷಕ್ಕೆ ಸಿಲಿಂಡರ್ ಬರಿದು!

ಪ್ರಮಾಣದ ತೊಂದರೆ ಮಾತ್ರವಾಗಿದ್ದರೆ ನಾಲ್ಕು ಸಿಲಿಂಡರ್ ಹೆಚ್ಚು ಒಯ್ಯಬಹುದಿತ್ತು. ಆದರೆ ನಾವು ದಿನವೂ ಉಸಿರಾಡುವ ಗಾಳಿಯೇ ಅಲ್ಲಿ ವಿಷವಾಗುತ್ತದೆ. ಗಾಳಿಯ ಬಹುಭಾಗವಾದ ಸಾರಜನಕವು ಒತ್ತಡ ಹೆಚ್ಚಿದಂತೆ ಮತ್ತು ಬರಿಸುತ್ತದೆ. 30 ಮೀಟರ್ ದಾಟುವಾಗಲೇ ಇದು ಶುರು. ಇನ್ನೂ ಆಳದಲ್ಲಿ ಮುಳುಗುಗಾರನು ಕುಡಿದವನಂತೆ ನಗುತ್ತಾನೆ, ಇಲ್ಲವೇ ಕಾರಣವಿಲ್ಲದೆ ಹೆದರುತ್ತಾನೆ, ಕೈಯಲ್ಲಿರುವ ಉಪಕರಣವನ್ನು ಓದಲಾರನು. ಪ್ರಾಣವಾಯುವೆಂದು ನಾವು ಕರೆಯುವ ಆಮ್ಲಜನಕವೂ ಅಲ್ಲಿ ಪ್ರಾಣ ತೆಗೆಯಬಲ್ಲದು. ಗಾಳಿಯಲ್ಲಿ ಅದರ ಪಾಲು ಶೇಕಡಾ 21. ಹದಿಮೂರು ಪಟ್ಟು ಒತ್ತಡದಲ್ಲಿ ಅದರ ಪಾಲಿನ ಒತ್ತಡ 2.7 ದಾಟುತ್ತದೆ. ಕೆಲಸ ಮಾಡುವ ಮುಳುಗುಗಾರನಿಗೆ 1.4ರ ಆಚೆಗೆ ಹೋಗುವುದು ಅಪಾಯವೆಂದು ಹೇಳುತ್ತಾರೆ. ಮೀರಿದರೆ ಅಪಸ್ಮಾರದಂಥ ಸೆಳೆತ ಬರುತ್ತದೆ, ಬಾಯಿಂದ ಉಸಿರಿನ ಕೊಳವೆ ಜಾರುತ್ತದೆ.

ಆದುದರಿಂದ ಗಾಳಿಗೆ ಬದಲಾಗಿ ಮಿಶ್ರಣವೊಂದನ್ನು ಒಯ್ಯುತ್ತಾರೆ. ಆಮ್ಲಜನಕ ಹತ್ತನೆಯ ಒಂದು ಭಾಗದಷ್ಟು, ಸಾರಜನಕ ಸ್ವಲ್ಪ, ಉಳಿದದ್ದೆಲ್ಲ ಹೀಲಿಯಂ. ಇದಕ್ಕೆ ಟ್ರೈಮಿಕ್ಸ್ ಎಂದು ಹೆಸರು. ಜಾತ್ರೆಯ ಬಲೂನಿನಲ್ಲಿರುವ ಅದೇ ಹೀಲಿಯಂ. ಅದು ಮತ್ತು ಬರಿಸುವುದಿಲ್ಲ, ಹಗುರವಾದುದರಿಂದ ಎಳೆದುಕೊಳ್ಳಲೂ ಸುಲಭ. ಆದರೆ ಅದು ದುಬಾರಿ, ದೇಹದ ಶಾಖವನ್ನು ಗಾಳಿಗಿಂತ ಬಹಳ ಬೇಗ ಹೀರುತ್ತದೆ. ಇನ್ನೂ ಒಂದು ತೊಡಕು: ಆಳದಲ್ಲಿ ಬದುಕಿಸುವ ಈ ಮಿಶ್ರಣವನ್ನು ನೀರಿನ ಮೇಲ್ಮೈಯಲ್ಲಿ ಉಸಿರಾಡಿದರೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪುತ್ತದೆ. ಹೀಗಾಗಿ ಒಂದೊಂದು ಆಳಕ್ಕೆ ಒಂದೊಂದು ಮಿಶ್ರಣ, ಒಂದೊಂದಕ್ಕೆ ಒಂದೊಂದು ಸಿಲಿಂಡರ್. ಮಬ್ಬುಗತ್ತಲಲ್ಲಿ ತಪ್ಪು ಕೊಳವೆಯನ್ನು ಬಾಯಿಗಿಟ್ಟವನಿಗೆ ತಿದ್ದಿಕೊಳ್ಳುವ ಅವಕಾಶ ಸಿಗಲಾರದು.

ಇಂದು ಇಷ್ಟು ಆಳಕ್ಕೆ ಇಳಿಯುವವರು ಹೆಚ್ಚಾಗಿ ರೀಬ್ರೀದರ್ ಎಂಬ ಸಾಧನವನ್ನು ಬಳಸುತ್ತಾರೆ. ಬಿಟ್ಟ ಉಸಿರನ್ನು ಗುಳ್ಳೆಯಾಗಿ ಹೊರಬಿಡದೆ, ಅದರಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸುಣ್ಣದ ಹರಳುಗಳಲ್ಲಿ ಹೀರಿಸಿ, ದೇಹ ಬಳಸಿದಷ್ಟೇ ಆಮ್ಲಜನಕ ಸೇರಿಸಿ ಮತ್ತೆ ಅದೇ ಉಸಿರನ್ನು ಕೊಡುವ ಯಂತ್ರ. ಮೇಲಿನ 260 ಲೀಟರಿನ ಲೆಕ್ಕವೇ ಇದರಿಂದ ತಪ್ಪಿಹೋಗುತ್ತದೆ. ಆದರೆ ಯಂತ್ರ ಕೈಕೊಟ್ಟರೆ ಅದು ಸದ್ದಿಲ್ಲದೆ ಕೈಕೊಡುತ್ತದೆ. ಅದಕ್ಕಾಗಿ ತೆರೆದ ಸಿಲಿಂಡರುಗಳನ್ನೂ ಜೊತೆಗೆ ಹೊತ್ತುಕೊಳ್ಳಲೇಬೇಕು.

ಇಳಿಯುವುದು ಕೆಲವು ನಿಮಿಷ, ಏರುವುದು ಕೆಲವು ಗಂಟೆ

ಎಲ್ಲಕ್ಕಿಂತ ಕಠಿಣವಾದದ್ದು ಹಿಂದಿರುಗುವುದು. ಗೋಲಿ ಸೋಡಾ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಗೋಲಿ ಭದ್ರವಾಗಿರುವವರೆಗೆ ಸೋಡಾ ತಿಳಿನೀರಿನಂತಿರುತ್ತದೆ. ಗೋಲಿ ಒತ್ತಿದೊಡನೆ ಗುಳ್ಳೆಗಳು ಉಕ್ಕುತ್ತವೆ. ಆಳದಲ್ಲಿ ಉಸಿರಾಡಿದ ಸಾರಜನಕ, ಹೀಲಿಯಂಗಳು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕುಳಿತಿರುತ್ತವೆ. ಬೇಗ ಮೇಲೆ ಬಂದರೆ ಅವು ದೇಹದೊಳಗೇ ಗುಳ್ಳೆಗಳಾಗುತ್ತವೆ. ಕೀಲುನೋವು, ಪಾರ್ಶ್ವವಾಯು, ಮರಣ, ಏನೂ ಆಗಬಹುದು.

ಇದಕ್ಕೆ ಪರಿಹಾರ ಕಂಡವರು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ. ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ, ಹಂತಹಂತವಾಗಿ ನಿಂತು ನಿಂತು ಮೇಲೇರಬೇಕೆಂಬ ಪಟ್ಟಿಯನ್ನು 1908ರಲ್ಲಿ ಪ್ರಕಟಿಸಿದರು. ಇಂದಿನ ಗಣಕಯಂತ್ರದ ಲೆಕ್ಕಗಳ ತಳಹದಿಯೂ ಅದೇ. ನಿಮಿಷಕ್ಕೆ ಹತ್ತು ಮೀಟರಿನಂತೆ ಏರಿದರೆ 120 ಮೀಟರ್ ಏರಲು ಹನ್ನೆರಡು ನಿಮಿಷ ಸಾಕು. ಆದರೆ ಬ್ರಿಟಾನಿಕ್ ಬಳಿ ಅರ್ಧ ಗಂಟೆ ಕಳೆದವನು ಮೇಲೆ ಬರಲು ನಾಲ್ಕೈದು ಗಂಟೆ ತೆಗೆದುಕೊಳ್ಳಬೇಕು. ಮೇಲಕ್ಕೆ ಬಂದಂತೆ ಒಂದೊಂದು ನಿಲುಗಡೆಯೂ ಉದ್ದವಾಗುತ್ತದೆ. ಸೂರ್ಯನ ಬೆಳಕು ಕಾಣುತ್ತಿರುತ್ತದೆ, ದೋಣಿಯ ತಳ ಕಾಣುತ್ತಿರುತ್ತದೆ, ಆದರೂ ಹೋಗುವಂತಿಲ್ಲ. ಉಪಕರಣ ಕೆಟ್ಟರೂ ಮೈ ನಡುಗಿದರೂ ಪರಿಹಾರವನ್ನು ನೀರಿನೊಳಗೇ ಹುಡುಕಬೇಕು. ಕೀಯ ಕಾಲುವೆಯಲ್ಲಿ ಪ್ರವಾಹವೂ ಬಲವಾದದ್ದು. ಕಂಬಿ ಹಿಡಿದು ನಿಲ್ಲಲಾಗದೆ ತಂಡವೇ ತೇಲಿಹೋಗಬಹುದು. ಸಾಲದ್ದಕ್ಕೆ ಅದು ದೊಡ್ಡ ಹಡಗುಗಳು ಓಡಾಡುವ ದಾರಿ. ಮೇಲೆ ಹಡಗು, ಕೆಳಗೆ ಹಡಗು, ನಡುವೆ ಐದು ಗಂಟೆ ಮನುಷ್ಯ.

ಒಳಹೋಗುವುದಂತೂ ಬೇರೆಯೇ ಮಾತು. ಮಗ್ಗುಲಾಗಿ ಬಿದ್ದ ಹಡಗಿನಲ್ಲಿ ನೆಲವು ಗೋಡೆಯಾಗಿರುತ್ತದೆ, ಗೋಡೆಯು ಸೂರಾಗಿರುತ್ತದೆ. ಕಾಲಿನ ಒಂದು ಬೀಸಿಗೆ ನೂರು ವರ್ಷದ ಕೆಸರು ಎದ್ದು, ಕೈಯಲ್ಲಿರುವ ದೀಪವೂ ಕಾಣದಂತಾಗುತ್ತದೆ. ದಾರಿ ತಪ್ಪದಿರಲು ಹೊರಗಿನಿಂದಲೇ ಹಗ್ಗ ಕಟ್ಟಿಕೊಂಡು ಹೋಗುತ್ತಾರೆ. ಹೀಗಿದ್ದೂ 2003ರಲ್ಲಿ ಕಾರ್ಲ್ ಸ್ಪೆನ್ಸರ್ ನೇತೃತ್ವದ ತಂಡದವರು ಬಾಯ್ಲರ್ ಕೋಣೆಗಳ ಕಡೆಗೆ ನುಗ್ಗಿ, ಮುಚ್ಚಿರಬೇಕಾಗಿದ್ದ ಜಲನಿರೋಧಕ ಬಾಗಿಲುಗಳು ತೆರೆದೇ ಇರುವುದನ್ನು ಕಂಡರು. ಸ್ಫೋಟವಾದದ್ದು ಕೆಲಸಗಾರರ ಪಾಳಿ ಬದಲಾಗುವ ಹೊತ್ತಿನಲ್ಲಿ. ಓಡಾಟಕ್ಕಾಗಿ ತೆರೆದಿದ್ದ ಬಾಗಿಲುಗಳು ಮತ್ತೆ ಮುಚ್ಚಿಕೊಳ್ಳಲಿಲ್ಲ ಎಂದು ಊಹಿಸುತ್ತಾರೆ. ವಾರ್ಡುಗಳಿಗೆ ಗಾಳಿಯಾಡಲೆಂದು ಹಡಗಿನ ದುಂಡು ಕಿಟಕಿಗಳನ್ನೂ ತೆರೆದಿಟ್ಟಿದ್ದರು. ಹಡಗು ವಾಲಿದಂತೆ ಅವುಗಳಿಂದಲೂ ನೀರು ಸುರಿಯಿತು. ಎರಡು ಪದರದ ಗೋಡೆ ಕಟ್ಟಿದವರ ಲೆಕ್ಕ ತಪ್ಪಿದ್ದು ಹೀಗೆ. ಐವತ್ತೈದು ನಿಮಿಷಗಳ ಒಗಟಿಗೆ ಕಾಗದದ ದಾಖಲೆಯಲ್ಲಿ ಸಿಗದ ಸಾಕ್ಷ್ಯವನ್ನು ಮುಳುಗಿದವರು ಕಣ್ಣಾರೆ ಕಂಡು ತಂದರು.

ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಅದೇ ಕಾರ್ಲ್ ಸ್ಪೆನ್ಸರ್ 2009ರ ಮೇ ತಿಂಗಳಲ್ಲಿ ಬ್ರಿಟಾನಿಕ್‌ನ ಚಿತ್ರೀಕರಣಕ್ಕಾಗಿ ಮುಳುಗಿದಾಗ ತೀರಿಕೊಂಡರು. 2019ರಲ್ಲಿ ಇನ್ನೊಬ್ಬ ಬ್ರಿಟಿಷ್ ಮುಳುಗುಗಾರ ಅಲ್ಲಿಯೇ ಪ್ರಾಣ ಬಿಟ್ಟರು. ಇವರು ಸಾಹಸಕ್ಕೆಂದು ಹಾರಿದ ಹೊಸಬರಲ್ಲ, ವರ್ಷಗಟ್ಟಲೆ ಅಭ್ಯಾಸ ಮಾಡಿದವರು.

ಎರಡನೆಯ ಬೀಗ

ಇಷ್ಟೆಲ್ಲ ಸಿದ್ಧತೆಯಿರುವವರು ದೋಣಿ ಬಾಡಿಗೆಗೆ ಹಿಡಿದು ಕೀಯ ದ್ವೀಪಕ್ಕೆ ಹೋಗಿ ಮುಳುಗಬಹುದೇ? ಇಲ್ಲ.

ಆ ಹಡಗಿಗೆ ಒಡೆಯನಿದ್ದಾರೆ. ಬ್ರಿಟನ್ನಿನ ನೌಕಾ ಇತಿಹಾಸಕಾರ ಸೈಮನ್ ಮಿಲ್ಸ್ 1996ರಲ್ಲಿ ಅದನ್ನು ಕೊಂಡರು. ಆದರೆ ಅದು ಮಲಗಿರುವುದು ಗ್ರೀಸ್ ದೇಶದ ನೀರಿನಲ್ಲಿ. 50 ವರ್ಷಕ್ಕಿಂತ ಹಳೆಯದಾದ ಹಡಗು ಮತ್ತು ವಿಮಾನಗಳ ಅವಶೇಷಗಳನ್ನು ಸಾಂಸ್ಕೃತಿಕ ಸ್ಮಾರಕಗಳೆಂದು ಗ್ರೀಸ್ 2003ರಲ್ಲಿ ಘೋಷಿಸಿತು. ಆದುದರಿಂದ ಒಡೆಯನಾದರೂ ಅನುಮತಿಯಿಲ್ಲದೆ ತನ್ನ ಹಡಗಿನ ಒಂದು ಮೊಳೆಯನ್ನೂ ತೆಗೆಯುವಂತಿಲ್ಲ. ನೀರಿನಡಿಯ ಪುರಾತತ್ತ್ವವನ್ನು ನೋಡಿಕೊಳ್ಳುವ ಗ್ರೀಕ್ ಇಲಾಖೆಗೆ ಅರ್ಜಿ ಸಲ್ಲಿಸಬೇಕು, ಉದ್ದೇಶ ತಿಳಿಸಬೇಕು, ಅವರ ಮೇಲ್ವಿಚಾರಣೆಯಲ್ಲಿಯೇ ಕೆಲಸ ನಡೆಯಬೇಕು. ಹಡಗುಗಳ ದಾರಿಯಾದುದರಿಂದ ಕರಾವಳಿ ಕಾವಲಿನವರೂ ಒಪ್ಪಬೇಕು. ಒಂದು ದೇಶದಲ್ಲಿ ಹುಟ್ಟಿ ಇನ್ನೊಂದು ದೇಶದ ಗಡಿಯೊಳಗೆ ಉಳಿದುಹೋದ ಈ ಹಡಗಿನ ಕಡತ ಎರಡು ಕಚೇರಿಗಳ ನಡುವೆ ಓಡಾಡುವುದನ್ನು ಕೇಳಿದಾಗ ನಮ್ಮ ಓದುಗರಿಗೆ ಮುಗುಳ್ನಗೆ ಬಂದರೆ ಆಶ್ಚರ್ಯವಿಲ್ಲ. ಗಡಿಯಲ್ಲಿ ಬದುಕುವವರಿಗೆ ಇದು ಪರಿಚಿತ ಪಾಡು.

ನಿರ್ಬಂಧಕ್ಕೆ ಇನ್ನೂ ಆಳವಾದ ಕಾರಣವೊಂದಿದೆ. ಸತ್ತ ಮೂವತ್ತು ಮಂದಿಯಲ್ಲಿ ಐವರ ದೇಹಗಳಷ್ಟೇ ಸಿಕ್ಕಿ ಮಣ್ಣಾದವು. ಉಳಿದವರಿಗೆ ಸಮುದ್ರವೇ ಸಮಾಧಿ. ಯುದ್ಧಕಾಲದ ಸಾವಿನ ಸ್ಥಳ ಎಂಬ ಗೌರವ ಅಲ್ಲಿಗೆ ಸಲ್ಲಬೇಕು ಎಂಬುದು ಎರಡೂ ದೇಶಗಳ ಭಾವನೆ. ಹೆಚ್ಚಿನವರು ಸತ್ತದ್ದು ಹಡಗಿನ ಒಳಗಲ್ಲ, ದೋಣಿಗಳಲ್ಲಿ, ಹಾಗಾದರೆ ಹಡಗು ಸಮಾಧಿ ಹೇಗಾದೀತು ಎಂದು ವಾದಿಸುವವರಿದ್ದಾರೆ. ಆ ವಾದ ನಮಗೆ ಸರಿ ಕಾಣುವುದಿಲ್ಲ. ದೇಹ ಎಲ್ಲಿದೆಯೆಂದು ಅಳೆದು ನೋಡಿ ಗೌರವ ಕೊಡುವ ಪದ್ಧತಿ ಯಾವ ಊರಿನ ಸ್ಮಶಾನದಲ್ಲಿಯೂ ಇಲ್ಲ.

ನಿರ್ಬಂಧವಿಲ್ಲದ ಅಥವಾ ನಿರ್ಬಂಧ ಕಾಗದದಲ್ಲಷ್ಟೇ ಇರುವ ಕಡೆ ಏನಾಗುತ್ತದೆ ಎಂಬುದಕ್ಕೆ ಜಾವಾ ಸಮುದ್ರ ಸಾಕ್ಷಿ. 1942ರ ಫೆಬ್ರವರಿಯಲ್ಲಿ ಜಪಾನೀಯರ ವಿರುದ್ಧ ಹೋರಾಡಿ ಅಲ್ಲಿ ಡಚ್ಚರ ಮೂರು ಯುದ್ಧನೌಕೆಗಳು ಮುಳುಗಿದ್ದವು. 2016ರಲ್ಲಿ ಮುಳುಗುಗಾರರು ಹೋಗಿ ನೋಡಿದಾಗ ಎರಡು ನೌಕೆಗಳು ಇಡಿಯಾಗಿ ಮಾಯವಾಗಿದ್ದವು, ಮೂರನೆಯದರ ಬಹುಭಾಗವೂ ಇರಲಿಲ್ಲ. ಸಾವಿರಾರು ಟನ್ ಉಕ್ಕನ್ನು ಗುಜರಿಗಾಗಿ ಕಿತ್ತು ಒಯ್ದಿದ್ದರು. ಆ ಉಕ್ಕಿನೊಳಗೆ ನೂರಾರು ನಾವಿಕರ ಅಸ್ಥಿಗಳಿದ್ದವು. ನೆದರ್ಲೆಂಡಿನಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಇನ್ನೂ ಬದುಕಿದ್ದರು.

ಹಾಗೆಂದು ಬೀಗ ಹಾಕಿ ಕೀಲಿಕೈಯನ್ನು ಸಮುದ್ರಕ್ಕೆಸೆಯುವುದೇ ಸರಿಯೇ? ಅದೂ ಅಲ್ಲ. ಉಪ್ಪುನೀರಿನಲ್ಲಿ ಕಬ್ಬಿಣ ಕಾಯುತ್ತ ಕೂರುವುದಿಲ್ಲ. ಯಾರೂ ಹೋಗದೆ ಉಳಿದ ಹಡಗೂ ಒಂದು ದಿನ ಕುಸಿಯುತ್ತದೆ. ಅದರೊಂದಿಗೆ ತೆರೆದ ಬಾಗಿಲಿನಂಥ ಸಾಕ್ಷ್ಯವೂ ಹೋಗುತ್ತದೆ. 2003ರ ತಂಡಕ್ಕೆ ಅನುಮತಿ ಸಿಗದಿದ್ದರೆ ನಮಗೆ ಆ ಬಾಗಿಲುಗಳ ವಿಷಯ ತಿಳಿಯುತ್ತಿರಲಿಲ್ಲ. ಅನುಮತಿ ಕೊಡುವವರು ಅರ್ಜಿಗಳ ಮೇಲೆ ವರ್ಷಗಟ್ಟಲೆ ಕುಳಿತರೆ ಅದರಿಂದ ಸತ್ತವರಿಗೂ ಲಾಭವಿಲ್ಲ, ಇದ್ದವರಿಗೂ ಇಲ್ಲ. ಅನುಮತಿ ಕೇಳುವ ಹಕ್ಕು ಯಾರಿಗೆ, ‘ಬೇಡ’ ಎನ್ನುವ ಹಕ್ಕು ಯಾರಿಗೆ ಎಂಬುದೇ ನಿಜವಾದ ಪ್ರಶ್ನೆ.

ಇನ್ನೊಂದು ಗಂಟೆಯ ಕಥೆ ಇಲ್ಲಿ ನೆನಪಾಗುತ್ತದೆ. ಉತ್ತರ ಅಮೆರಿಕದ ಸುಪೀರಿಯರ್ ಸರೋವರದಲ್ಲಿ 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಸರಕು ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. 29 ಮಂದಿಯೂ ಸತ್ತರು, ಒಬ್ಬರ ದೇಹವೂ ಸಿಗಲಿಲ್ಲ. ಹಡಗು ಇರುವುದು ಸುಮಾರು 160 ಮೀಟರ್ ಆಳದಲ್ಲಿ. ಸತ್ತವರ ಮನೆಯವರು ತಮ್ಮವರ ನೆನಪಿಗೆ ಹಡಗಿನ ಗಂಟೆಯಾದರೂ ಬೇಕೆಂದರು. 1995ರ ಜುಲೈನಲ್ಲಿ ಗಂಟೆಯನ್ನು ಮೇಲೆ ತಂದು, ಅದರ ಜಾಗದಲ್ಲಿ 29 ಹೆಸರುಗಳನ್ನು ಕೆತ್ತಿದ ಹೊಸ ಗಂಟೆಯನ್ನು ಇಟ್ಟು ಬಂದರು. ಅದೇ ವರ್ಷ ಇಬ್ಬರು ಮುಳುಗುಗಾರರು ಟ್ರೈಮಿಕ್ಸ್ ಉಸಿರಾಡುತ್ತ ಅಷ್ಟು ಆಳಕ್ಕಿಳಿದು ಹಡಗನ್ನು ಕೈಯಿಂದ ಮುಟ್ಟಿ ಬಂದರು. ಇನ್ನು ಸಾಕು, ನಮ್ಮವರನ್ನು ಅವರ ಪಾಡಿಗೆ ಬಿಡಿ ಎಂಬುದು ಕುಟುಂಬಗಳ ಕೋರಿಕೆಯಾಗಿತ್ತು. ಹಡಗು ಇರುವುದು ಕೆನಡಾದ ಒಂಟಾರಿಯೊ ಪ್ರಾಂತದ ನೀರಿನಲ್ಲಿ. 2006ರಿಂದ ಅಲ್ಲಿನ ಕಾನೂನಿನಂತೆ ವಿಶೇಷ ಪರವಾನಗಿಯಿಲ್ಲದೆ ಯಾರೂ ಅಲ್ಲಿ ಮುಳುಗುವಂತಿಲ್ಲ, ಯಂತ್ರದ ಕ್ಯಾಮೆರಾವನ್ನೂ ಇಳಿಸುವಂತಿಲ್ಲ.

ಆ ಗಂಟೆಯ ವಿಷಯದಲ್ಲಿ ಕೇಳಲು ಮನೆಯವರಿದ್ದರು. ಬ್ರಿಟಾನಿಕ್‌ಗೆ ಅಷ್ಟು ಹತ್ತಿರದವರು ಈಗ ಯಾರೂ ಉಳಿದಿಲ್ಲ. ಆದುದರಿಂದ ಒಡೆಯ, ಸರ್ಕಾರ, ಪುರಾತತ್ತ್ವಜ್ಞರು ಮೂವರೂ ಒಂದೇ ಮಾತಿಗೆ ಬರಬೇಕಾಯಿತು. 2025ರ ಮೇ ತಿಂಗಳಲ್ಲಿ ಮಿಲ್ಸ್ ಅವರ ಏರ್ಪಾಡಿನಲ್ಲಿ, ಗ್ರೀಕ್ ಇಲಾಖೆಯ ಮೇಲ್ವಿಚಾರಣೆಯಲ್ಲಿ, ಹನ್ನೊಂದು ಮಂದಿ ಮುಳುಗುಗಾರರು ರೀಬ್ರೀದರ್ ಹೊತ್ತು ಇಳಿದರು. ಕಾವಲುಗಾರನ ಗಂಟೆ, ಎಡಬದಿಯ ಸಂಕೇತ ದೀಪ, ಒಂದು ದುರ್ಬೀನು, ಸ್ನಾನಗೃಹದ ಪಿಂಗಾಣಿ ಹಂಚುಗಳು ಮುಂತಾದವನ್ನು ಗಾಳಿ ತುಂಬಿದ ಚೀಲಗಳಿಗೆ ಕಟ್ಟಿ ತೇಲಿಸಿ ಮೇಲೆ ತಂದರು. ತರಬೇಕೆಂದುಕೊಂಡಿದ್ದ ಇನ್ನು ಕೆಲವನ್ನು ಅವುಗಳ ಸ್ಥಿತಿಯನ್ನೂ ಇದ್ದ ಜಾಗವನ್ನೂ ನೋಡಿ ಅಲ್ಲಿಯೇ ಬಿಟ್ಟರು. ತಂದವು ಮಾರಾಟಕ್ಕಲ್ಲ, ಪಿರೇಯಸ್ ಬಂದರಿನಲ್ಲಿ ಸಿದ್ಧವಾಗುತ್ತಿರುವ ನೀರಿನಡಿಯ ಪ್ರಾಚ್ಯವಸ್ತುಗಳ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಸೇರುತ್ತವೆ.

ಮೇಲೆ ತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೂರು ವರ್ಷ ಉಪ್ಪು ಕುಡಿದ ವಸ್ತುವನ್ನು ಹಾಗೆಯೇ ಒಣಗಲು ಬಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ಅದು ಸಿಪ್ಪೆಯೇಳುತ್ತದೆ, ಬಿರಿಯುತ್ತದೆ. ತಿಂಗಳುಗಟ್ಟಲೆ ಸಿಹಿನೀರು ಬದಲಾಯಿಸುತ್ತ ಉಪ್ಪನ್ನು ತೆಗೆಯಬೇಕು.

ಪಿಂಗಾಣಿ ಹಂಚು ಎಂದಾಗ ನಮ್ಮ ಕರಾವಳಿಯ ಹಂಚುಗಳೂ ನೆನಪಾಗದೆ ಇರಲಾರವು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಗೋವಾ ಕರಾವಳಿಯ ಸೇಂಟ್ ಜಾರ್ಜ್ ದಿಬ್ಬದ ಬಳಿ ಹಡಗೊಂದರ ಅವಶೇಷವನ್ನು ಶೋಧಿಸಿದಾಗ ಸಿಕ್ಕಿದ್ದು ಬಂಗಾರವಲ್ಲ. ಸುಟ್ಟ ಮಣ್ಣಿನ ಹಂಚು, ಇಟ್ಟಿಗೆ, ಕಂಬದ ಬೋದಿಗೆಗಳು. ಅವುಗಳ ಮೇಲೆ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರು, 1865 ಎಂಬ ಇಸವಿ. ಮಂಗಳೂರಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷವದು. ಹಂಚಿನ ಮೇಲಿನ ಮುದ್ರೆಯಿಂದಲೇ ಹಡಗು ಮುಳುಗಿದ್ದು 1865ರ ನಂತರ ಎಂದು ಹೇಳಲು ಸಾಧ್ಯವಾಯಿತು. ಅಲ್ಲಿನ ಆಳ ಹೆಚ್ಚಿನದಲ್ಲ. ಮೊದಲ ಬೀಗ ಇಲ್ಲವೆಂದೇ ಹೇಳಬಹುದು. ಯಾರಾದರೂ ಮುಳುಗಿ ಆ ಹಂಚುಗಳನ್ನು ಮನೆಗೆ ಒಯ್ದಿದ್ದರೆ ಹಡಗಿನ ಕಾಲ ಹೇಳುವ ಒಂದೇ ಅಕ್ಷರವೂ ಉಳಿಯುತ್ತಿರಲಿಲ್ಲ.

ಇದನ್ನು ಹೇಳಿದ ಮರುದಿನ ಪ್ರಶ್ನೆ ಕೇಳಿದ ಹುಡುಗಿ ತನ್ನ ಅಜ್ಜನ ಮನೆಯ ಮಾಡಿನಿಂದ ಇಳಿಸಿಟ್ಟಿದ್ದ ಒಂದು ಹಳೆಯ ಹಂಚನ್ನು ಚೀಲದಲ್ಲಿ ತಂದಿದ್ದಳು. ಹಿಂಬದಿಯ ಪಾಚಿಯನ್ನು ಒರೆಸಿ ನೋಡಿದರೆ ಅದೇ ಕಾರ್ಖಾನೆಯ ಹೆಸರು. ಜೊತೆಗೆ ಮತ್ತೊಂದು ಪ್ರಶ್ನೆ: ಬಲೆಗೆ ಇಂಥದ್ದು ಸಿಕ್ಕಿದರೆ ಅಪ್ಪ ಏನು ಮಾಡಬೇಕು? ಉಜ್ಜಿ ತೊಳೆಯಬಾರದು, ಬಿಸಿಲಿಗೆ ಇಡಬಾರದು, ಸಮುದ್ರದ ನೀರಿನಲ್ಲಿಯೇ ಮುಳುಗಿಸಿಡಬೇಕು, ಸಿಕ್ಕಿದ ಜಾಗವನ್ನು ಗುರುತು ಹಾಕಿಕೊಳ್ಳಬೇಕು, ಬಂದರಿನ ಅಧಿಕಾರಿಗೆ ತಿಳಿಸಬೇಕು ಎಂದು ಹೇಳಿದ್ದೇವೆ. ಅವಳು ಅದನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ಹಂಚು ಈಗ ನಮ್ಮ ಶಾಲೆಯ ಕಪಾಟಿನಲ್ಲಿದೆ.